ಕಂಪ್ಯೂಟರಿಗೆ ಕಬಡ್ಡಿ ಕಲಿಸಿದ ವರ್ಷ

ಕಳೆದ ತಿಂಗಳು ತೀರ್ಥಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೊಮ್ಮಗಳು ಟೀವಿಯ ಮುಂದೆ ಕಾಲು ಚಾಚಿ ಕುಳಿತು ಕಬಡ್ಡಿ ಆಡುತ್ತಿದ್ದಳು. ಪರದೆಯ ಮೇಲಿನ ಆಟಗಾರರ ಬೆನ್ನಿನಲ್ಲಿ ಬೆವರು ಇಳಿಯುವುದು ಕಾಣುತ್ತಿತ್ತು. ಬಿದ್ದವನ ಅಂಗಿ ಮುದುಡುತ್ತಿತ್ತು. ಹಿಂದೆ ಜನಸಾಗರ ಕೂಗುತ್ತಿತ್ತು. "ಆಡ್ತೀರಾ ದೊಡ್ಡಜ್ಜಿ?" ಎಂದು ಆಡಿಸುವ ರಿಮೋಟನ್ನು ಕೈಗೆ ಕೊಟ್ಟಳು. ಮೂರು ಸಲ ದಾಳಿಗೆ ಹೋದೆ, ಮೂರು ಸಲವೂ ಸಿಕ್ಕಿಬಿದ್ದೆ.

"ಇವ್ರು ಹಾರೋದು ಮುಂಚೆ ಗೊತ್ತೇ ಆಗೋದಿಲ್ವಲ್ಲೇ" ಅಂದೆ.

"ನಿಮಗೆ ಕಬಡ್ಡಿ ಬರ್ತದಾ?"

"ಆಡೋಕೆ ಬರೋದಿಲ್ಲ. ಒಂದು ವರ್ಷ ಕಂಪ್ಯೂಟರಿಗೆ ಕಲಿಸಿದ್ದೆ."

ಅವಳು ನಕ್ಕು ಮತ್ತೆ ಆಟಕ್ಕೆ ತಿರುಗಿದಳು. ಅಜ್ಜಿಯಂದಿರು ಹೇಳುವ ಇನ್ನೊಂದು ಕತೆ ಎಂದುಕೊಂಡಿರಬೇಕು. ಆದರೆ ನಾನು ಹೇಳಿದ್ದು ನಿಜ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಾರು. ಹೊಸನಗರದ ಜೂನಿಯರ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ಸಾಗರದಲ್ಲಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಆ ಬೇಸಿಗೆಯಲ್ಲಿ ಸರ್ಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಕಾಲೇಜಿಗೆ ಎರಡು ಕಂಪ್ಯೂಟರು ಮಂಜೂರಾದವು. ಅದನ್ನು ಕಲಿತು ಬರಲು ಯಾರಾದರೂ ಮೂರು ವಾರ ಮೈಸೂರಿಗೆ ಹೋಗಬೇಕಿತ್ತು. ಹಿರಿಯ ಉಪನ್ಯಾಸಕರೊಬ್ಬರು ನಿವೃತ್ತಿ ಹತ್ತಿರವಾಯಿತೆಂದರು, ಇನ್ನೊಬ್ಬರು ಮಗಳ ಮದುವೆ ಎಂದರು. ಉಳಿದವಳು ನಾನು. ಹೋಗಿ ಬಂದೆ.

ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆಗಳು ಬಂದಿಳಿದವು. ಟೈಪ್‌ರೈಟರಿನಂಥ ಎರಡು ಕೀಬೋರ್ಡು, ಎರಡು ಕಪ್ಪುಬಿಳುಪು ಟೀವಿ, ಬರೆದ ಪ್ರೋಗ್ರಾಮನ್ನು ಉಳಿಸಿಕೊಳ್ಳಲು ಒಂದು ಟೇಪ್ ರೆಕಾರ್ಡರ್. ಇಡಲು ಒಣ ಕೋಣೆ ಬೇಕಿತ್ತು. ಕಾಲೇಜಿನಲ್ಲಿ ಸೋರದೆ ಇದ್ದ ಒಂದೇ ಕೋಣೆ ಆಟದ ಸಾಮಾನಿನದು. ಪ್ರಿನ್ಸಿಪಾಲರು ಅದನ್ನು ಖಾಲಿ ಮಾಡಿಸಿದರು. ಚೆಂಡು, ಬಲೆ, ಈಟಿ, ಸುಣ್ಣದ ಚೀಲ ಎಲ್ಲವೂ ಮೆಟ್ಟಿಲಿನ ಕೆಳಕ್ಕೆ ಹೋದವು. ಅವುಗಳ ಒಡೆಯರು ಧರ್ಮಪ್ಪ ಮೇಷ್ಟ್ರು.

ಧರ್ಮಪ್ಪ ಮೇಷ್ಟ್ರು ನಮ್ಮ ದೈಹಿಕ ಶಿಕ್ಷಕರು. ತೀರ್ಥಹಳ್ಳಿ ಕಡೆಯ ಕೃಷಿಕರ ಮನೆಯವರು. ಪ್ರಾಯದಲ್ಲಿ ಜಿಲ್ಲೆಯ ಕಬಡ್ಡಿ ತಂಡದಲ್ಲಿ ಆಡಿ, ಮೊಣಕಾಲು ಮುರಿದುಕೊಂಡು ಈ ಕೆಲಸಕ್ಕೆ ಬಂದಿದ್ದರು. ನಡೆಯುವಾಗ ಎಡಗಾಲು ತುಸು ಎಳೆಯುತ್ತಿತ್ತು. ಕೋಣೆಯ ಬೀಗದ ಕೈ ನನಗೆ ಕೊಡುತ್ತ ಹೇಳಿದರು: "ನಿಮ್ಮ ಯಂತ್ರ ಒಳಗೆ ಬೆಚ್ಚಗಿರ್ಲಿ ಮೇಡಂ. ನಮ್ಮ ಬಲೆಗೆ ಬೂಷ್ಟು ಹಿಡೀಲಿ." ಅದಾದ ಮೇಲೆ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಮೊದಲ ವಾರ ನಲವತ್ತು ಮಕ್ಕಳು ಕೋಣೆಗೆ ನುಗ್ಗಿದರು. ನಾನು ಮೈಸೂರಿನಲ್ಲಿ ಕಲಿತದ್ದನ್ನೇ ತೋರಿಸಿದೆ. ಯಂತ್ರ ಹದಿಮೂರರ ಮಗ್ಗಿ ಹೇಳಿತು, ಸರಾಸರಿ ತೆಗೆಯಿತು. ಮೂರನೆಯ ವಾರ ಐದು ಜನ ಉಳಿದರು. ಮಗ್ಗಿ ಅವರಿಗೆ ಪ್ರೈಮರಿಯಲ್ಲೇ ಬರುತ್ತಿತ್ತು. ಪರೀಕ್ಷೆಗೆ ಇಲ್ಲದ ವಿಷಯಕ್ಕೆ ಮಳೆಯಲ್ಲಿ ನಿಂತು ಕಾಯಲು ಅವರಿಗೇನು ಹುಚ್ಚೇ?

ಆಗ ಮೇಲಿನಿಂದ ಒಂದು ಪತ್ರ ಬಂತು. ಬಳಕೆಯಾಗದ ಕಂಪ್ಯೂಟರುಗಳನ್ನು ದೀಪಾವಳಿಯ ನಂತರ ದೊಡ್ಡ ಕಾಲೇಜುಗಳಿಗೆ ಕಳಿಸುತ್ತಾರೆ. ಅದಕ್ಕೆ ಮೊದಲು ಸಾಗರದಲ್ಲಿ ಮೂರು ತಾಲ್ಲೂಕಿನ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳೇ ಮಾಡಿದ ಪ್ರೋಗ್ರಾಮುಗಳನ್ನು ತೋರಿಸಬೇಕು; ಅಧಿಕಾರಿಯೊಬ್ಬರು ನೋಡಿ ತೀರ್ಮಾನಿಸುತ್ತಾರೆ.

"ಎಂತ ಮಾಡ್ತೀರಿ?" ಎಂದು ಪ್ರಿನ್ಸಿಪಾಲರು ಕೇಳಿದರು.

"ಏನಾದ್ರೂ ಮಾಡ್ತೀನಿ ಸರ್" ಅಂದೆ. ಏನು ಎಂದು ನನಗೂ ಗೊತ್ತಿರಲಿಲ್ಲ.

ದಾರಿ ತೋರಿಸಿದವನು ಮಂಜುನಾಥ. ಎರಡನೆಯ ವರ್ಷದ ಪಿಯುಸಿ, ಕಾಲೇಜು ತಂಡದ ಮುಖ್ಯ ದಾಳಿಗಾರ, ಗಣಿತದಲ್ಲಿ ಎರಡು ಸಲ ಫೇಲು. ಮೈದಾನದಲ್ಲಿ ನೀರು ನಿಂತು ಆಟ ನಿಂತಿದ್ದ ಒಂದು ದಿನ ಕೋಣೆಯ ಬಾಗಿಲಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತಿದ್ದ. "ಇದ್ರಲ್ಲಿ ಕಬಡ್ಡಿ ಆಡ್ಬಹುದಾ ಮೇಡಂ?" ಎಂದ. ತಮಾಷೆಗೇ ಕೇಳಿದ್ದು. ಉಳಿದವರು ನಕ್ಕರು. ನಗದೆ ನನ್ನ ಮುಖ ನೋಡಿದವಳು ಗಿರಿಜಾ ಒಬ್ಬಳೇ.

ಗಿರಿಜಾ ಮೊದಲ ವರ್ಷದ ಹುಡುಗಿ. ಒಂದು ಕಾಲದಲ್ಲಿ ಗೇಣಿ ಮಾಡುತ್ತಿದ್ದು ಈಗ ಸ್ವಂತ ಗದ್ದೆಯಾಗಿದ್ದ ಮನೆಯವಳು. ಊರಿನಿಂದ ನಾಲ್ಕು ಮೈಲಿ ನಡೆದು ಬರುತ್ತಿದ್ದಳು. ಮಾತು ಕಡಿಮೆ. ನಾನು ಪರದೆಯ ಮೇಲೆ ಬರೆದದ್ದನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ, "ಕರೆಂಟು ಹೋದ್ರೆ ಅಳಿಸಿ ಹೋಗ್ತದಲ್ಲ ಮೇಡಂ" ಎನ್ನುತ್ತಿದ್ದಳು.

ನಾವಿಬ್ಬರೂ ಕೂತು ಒಂದು ವಾರದಲ್ಲಿ ಮೊದಲ ಕಬಡ್ಡಿ ಬರೆದೆವು. ಪರದೆಯ ನಡುವೆ ಒಂದು ಗೆರೆ. ಆಚೆ ಏಳು ಬಿಳಿ ಚೌಕ, ಈಚೆ ಒಂದು ಪೊಳ್ಳು ಚೌಕ. ಪೊಳ್ಳು ಚೌಕವೇ ದಾಳಿಗಾರ. ನಾಲ್ಕು ಗುಂಡಿಯಿಂದ ಅವನನ್ನು ಓಡಿಸಿ, ಒಂದು ಬಿಳಿ ಚೌಕ ಮುಟ್ಟಿ ಹಿಂದಕ್ಕೆ ಬಂದರೆ ಒಂದು ಪಾಯಿಂಟು. ಮಕ್ಕಳು ಖುಷಿಯಾಗಲಿ ಎಂದು ಬಿಳಿ ಚೌಕಗಳನ್ನು ನಿಧಾನ ಮಾಡಿದ್ದೆ. ಸುದ್ದಿ ಹಬ್ಬಿ ಕೋಣೆ ಮತ್ತೆ ತುಂಬಿತು. ಮೂರು ದಿನ ಸಂಭ್ರಮ. ನಾಲ್ಕನೆಯ ದಿನ ಮಂಜುನಾಥ ಆಡುತ್ತ ಆಡುತ್ತ ಕೈ ಬಿಟ್ಟ.

"ಎಂತಕ್ಕೆ ನಿಲ್ಲಿಸಿದೆ?"

"ಹೋದ್ರೆ ಸಾಕು ಪಾಯಿಂಟು ಮೇಡಂ. ಯಾರೂ ಹಿಡಿಯೋದೇ ಇಲ್ಲ. ಹುಲ್ಲಿನ ಬೆದರುಬೊಂಬೆ ಮುಟ್ಟಿ ಬಂದಂಗೆ."

ಮಾರನೆಯ ದಿನ ಧರ್ಮಪ್ಪ ಮೇಷ್ಟ್ರ ಬಳಿ ಹೋದೆ. ಅವರು ಮೆಟ್ಟಿಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಬಲೆ ಕೊಡವುತ್ತಿದ್ದರು. ನನಗೆ ಕಬಡ್ಡಿ ಗೊತ್ತಿಲ್ಲ, ನೀವು ಹೇಳಿಕೊಟ್ಟರೆ ಮಾತ್ರ ಇದು ಆಗುವ ಕೆಲಸ ಎಂದೆ. ಅವರು ಬಲೆ ಮಡಚಿಟ್ಟು ಎದ್ದು ನಿಂತರು. ಆಮೇಲೆ, "ಕಬಡ್ಡಿ ಅಂತ ಹೆಸರಿಟ್ಟ ಮೇಲೆ ಕಬಡ್ಡಿನೇ ಆಗ್ಬೇಕು. ಅರ್ಧಂಬರ್ಧ ಬೇಡ. ಒಪ್ಪಿಗೆನಾ?" ಎಂದರು. ಒಪ್ಪಿದೆ.

ಮುಂದಿನ ಎರಡು ವಾರ ಅವರು ಹೇಳಿದರು, ನಾವು ಬರೆದೆವು. ದಾಳಿಗಾರ ದಾಟಲೇಬೇಕಾದ ಅಡ್ಡಗೆರೆ ಬಂತು. ಮುಟ್ಟಿದ ಮೇಲಷ್ಟೇ ಕಾಲಿಡಬಹುದಾದ ಅಂಚಿನ ಪಟ್ಟಿ, ಅಂದರೆ ಲಾಬಿ, ಬಂತು. ಏಳೂ ಜನ ಔಟಾದರೆ ಸಿಗುವ ಹೆಚ್ಚುವರಿ ಪಾಯಿಂಟು, ಅಂದರೆ ಲೋನಾ, ಬಂತು. ಬಿಳಿ ಚೌಕಗಳು ಇಬ್ಬಿಬ್ಬರು ಕೈ ಹಿಡಿದ ಸರಪಳಿಯಂತೆ ಸುತ್ತುಗಟ್ಟತೊಡಗಿದವು. ಹತ್ತಿರ ಸಿಕ್ಕರೆ ಹಾರಿ ಬೀಳುತ್ತಿದ್ದವು. ಮೇಷ್ಟ್ರು ಹಿಂದೆ ನಿಂತು, "ಮೂಲೆಯವ್ನು ಹಂಗೆ ನಿಲ್ಲೋದಿಲ್ಲ, ಅರ್ಧ ಹೆಜ್ಜೆ ಒಳಗೆ" ಎಂದು ತಿದ್ದುವರು. ಒಂದೊಂದು ಅರ್ಧ ಹೆಜ್ಜೆಗೂ ನಾನು ಐದೈದು ಸಾಲು ಬರೆಯಬೇಕು. ಕೊನೆಗೆ ಎಲ್ಲ ನಿಯಮವೂ ಸರಿಯಾಗಿ ಕೂತಿತು. ಮೇಷ್ಟ್ರು ತಲೆಯಾಡಿಸಿದರು. "ಈಗ ಕಬಡ್ಡಿ."

ಮಕ್ಕಳು ಆಡಿದರು. ಮೂರು ದಿನದಲ್ಲಿ ಇಡೀ ಕಾಲೇಜಿಗೆ ಒಂದು ಪಾಯಿಂಟೂ ಬರಲಿಲ್ಲ. ಗೆರೆ ದಾಟಿದ ತಕ್ಷಣ ಸರಪಳಿ ಬಂದು ಹಿಡಿಯುತ್ತಿತ್ತು. ನಾಲ್ಕನೆಯ ದಿನ ಕೋಣೆ ಮತ್ತೆ ಖಾಲಿ.

"ನಿಜವಾದ ಆಟ ಹಂಗೇ ಮೇಡಂ. ಬೆವರು ಸುರಿಸದೆ ಪಾಯಿಂಟು ಬರ್ತದಾ?" ಎಂದರು ಮೇಷ್ಟ್ರು.

"ಇಲ್ಲಿ ಸುರಿಸಿದ್ರೂ ಬರ್ತಿಲ್ವಲ್ಲ ಮೇಷ್ಟ್ರೇ. ನೀವೇ ಒಂದ್ಸಲ ಆಡಿ ನೋಡಿ."

ಅಲ್ಲಿಯವರೆಗೆ ಅವರು ಕೀಬೋರ್ಡನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಅಂದು ಕೂತರು. ಮೊದಲ ಸಲ ಸಿಕ್ಕಿಬಿದ್ದಾಗ ನಕ್ಕರು. ಐದನೆಯ ಸಲಕ್ಕೆ ಕುರ್ಚಿ ಮುಂದೆಳೆದುಕೊಂಡರು. ಹನ್ನೊಂದನೆಯ ಸಲ ಎದ್ದುಬಿಟ್ಟರು. ಕತ್ತಿನ ನರ ಉಬ್ಬಿತ್ತು.

"ಇದು ಕಬಡ್ಡಿ ಅಲ್ಲ. ಕಣ್ಣು ಕಟ್ಟಿ ಬಿಟ್ಟಂಗಿದೆ."

"ನಿಯಮ ಎಲ್ಲ ಸರಿ ಇದಾವಲ್ಲ ಸರ್?" ಎಂದಳು ಗಿರಿಜಾ.

ಮೇಷ್ಟ್ರು ಬಾಗಿಲಿಗೆ ಹೋಗಿ ನೋಡಿದರು. ಹೊರಗೆ ಮಳೆ ಬಿಟ್ಟಿತ್ತು. "ಬನ್ನಿ" ಎಂದು ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಮಂಜುನಾಥನನ್ನು ಹಿಡಿಯುವವನ ಜಾಗದಲ್ಲಿ ನಿಲ್ಲಿಸಿ, ತಾವೇ ಎಡಗಾಲು ಎಳೆಯುತ್ತ ದಾಳಿಗೆ ಹೋದರು. "ಅವ್ನ ಮುಖ ನೋಡ್ಬೇಡಿ, ಕಾಲು ನೋಡಿ" ಎಂದು ನಮಗೆ ಹೇಳಿದರು. ಮಂಜುನಾಥ ಹಾರಿದ; ಮೇಷ್ಟ್ರು ಆಗಲೇ ಹಿಂದೆ ಸರಿದಾಗಿತ್ತು. ಮತ್ತೊಮ್ಮೆ. ಮತ್ತೊಮ್ಮೆ. ಮುರಿದ ಕಾಲಿನ ಐವತ್ತರ ಮನುಷ್ಯನನ್ನು ಹದಿನೆಂಟರ ಹುಡುಗನಿಗೆ ಹಿಡಿಯಲಾಗಲಿಲ್ಲ.

"ಹಿಮ್ಮಡಿ" ಎಂದಳು ಗಿರಿಜಾ ಮೆಲ್ಲಗೆ. "ಹಾರೋಕೆ ಮುಂಚೆ ಹಿಮ್ಮಡಿ ಏಳ್ತದೆ."

"ಹಾಂ. ಅದೇ. ಆಟ ಇರೋದು ಅಲ್ಲೇ. ನಿಮ್ಮ ಚೌಕಕ್ಕೆ ಹಿಮ್ಮಡಿ ಇಲ್ಲ" ಎಂದರು ಮೇಷ್ಟ್ರು ಏದುಸಿರಿನಲ್ಲಿ.

ಚೌಕಕ್ಕೆ ಹಿಮ್ಮಡಿ ಬರೆಯುವಷ್ಟು ಆ ಯಂತ್ರಕ್ಕೆ ಶಕ್ತಿಯಿರಲಿಲ್ಲ. ಗಿರಿಜಾಳೇ ಉಪಾಯ ಹೇಳಿದಳು: ಹಾರುವ ಮುಂಚೆ ಚೌಕ ಒಂದು ಸಲ ಮಿಣುಕಲಿ. ಮೇಷ್ಟ್ರಿಗೆ ಹಿಡಿಸಲಿಲ್ಲ. "ಮನುಷ್ಯ ಮಿಣುಕ್ತಾನಾ ಮಾರಾಯ್ತಿ?" ಎಂದರು. ಆದರೂ ಬರೆದೆವು. ಅವರು ಕೂತು ಆಡಿದರು. ಒಂದು ಚೌಕ ಮಿಣುಕಿತು, ಅವರ ಬೆರಳು ತಾನಾಗಿ ಹಿಂದಕ್ಕೆ ಹೋಯಿತು, ಚೌಕ ಹಾರಿ ಖಾಲಿ ನೆಲದ ಮೇಲೆ ಬಿತ್ತು. ಮೇಷ್ಟ್ರು ಅದನ್ನು ಮುಟ್ಟಿ ಈಚೆ ಬಂದರು. ಕಾಲೇಜಿನ ಮೊದಲ ನಿಜವಾದ ಪಾಯಿಂಟು.

"ಮಿಣುಕೋದು ಸುಳ್ಳು" ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಗೊತ್ತಾಗೋದು ನಿಜ. ಇರ್ಲಿ ಬಿಡಿ."

ಅಲ್ಲಿಂದ ನಮ್ಮ ಕೆಲಸದ ಗುಟ್ಟು ಸಿಕ್ಕಿತು. ಎಲ್ಲಿ ನಿಜ ಬೇಕು, ಎಲ್ಲಿ ಬೇಡ ಎಂದು ದಿನವೂ ವಾದ. ಮಿಣುಕು ಅರೆ ಸೆಕೆಂಡು ಇದ್ದರೆ ಆಟ ಸಪ್ಪೆ, ತೀರ ಚುಟುಕಾದರೆ ಯಾರ ಕಣ್ಣಿಗೂ ಬೀಳದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಆಡಿಸಿ, ಯಾರು ಎಷ್ಟನೆಯ ಸಲಕ್ಕೆ ಸೋತು ಬೇಸರಪಟ್ಟರು, ಯಾರು "ಇನ್ನೊಂದ್ಸಲ" ಎಂದರು ಎಂಬುದನ್ನು ಗಿರಿಜಾ ಬರೆದಿಟ್ಟಳು. "ಇನ್ನೊಂದ್ಸಲ" ಹೆಚ್ಚು ಕೇಳಿಸಿದ ಅಳತೆಯನ್ನೇ ಉಳಿಸಿಕೊಂಡೆವು.

ಉಸಿರಿನದೇ ಕಷ್ಟ. ಪರದೆಯ ಮೇಲೆ ಸಣ್ಣಗಾಗುತ್ತ ಹೋಗುವ ಒಂದು ಪಟ್ಟಿ ಇಟ್ಟಿದ್ದೆ. ಮೇಷ್ಟ್ರು ಅದನ್ನು ಒಪ್ಪಲೇ ಇಲ್ಲ. "ಉಸಿರು ಟೀವಿಯೊಳಗೆ ಯಾಕಿರ್ಬೇಕು? ಆಡೋರ ಎದೆಯಲ್ಲಿ ಇಲ್ವಾ?" ಎಂದರು. ಅಂದಿನಿಂದ ಅವರ ಕಟ್ಟಳೆ: ಗುಂಡಿ ಒತ್ತುವವರು ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು. ಉಸಿರು ಕಡಿದರೆ ಸುತ್ತ ನಿಂತವರು "ಔಟ್" ಎನ್ನುವರು, ಒಬ್ಬರು ಕೈಚಾಚಿ ಗುಂಡಿಯೊತ್ತಿ ಆಟ ನಿಲ್ಲಿಸುವರು. ಯಂತ್ರಕ್ಕೆ ಕಿವಿಯಿರಲಿಲ್ಲ. ಆ ಕೆಲಸವನ್ನು ಮಕ್ಕಳು ಮಾಡಿದರು.

ಕೋಣೆಯ ಗದ್ದಲ ಸ್ಟಾಫ್ ರೂಮಿಗೆ ಮುಟ್ಟಿತು. ಪ್ರಿನ್ಸಿಪಾಲರು ಬಂದು, "ಇದು ಲ್ಯಾಬಾ, ಗರಡಿಮನೆಯಾ?" ಎಂದು ಕೇಳಿ, ಐದು ನಿಮಿಷ ನಿಂತು ನೋಡಿ ಹೋದರು. ಹುಡುಗಿಯರು ಮೊದಮೊದಲು ಸೆರಗಿನ ಮರೆಯಲ್ಲಿ ಕಬಡ್ಡಿ ಎನ್ನುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಅವರಿಗೆ ರಬ್ಬರ್ ಬಳೆ ಎಸೆದಾಡುವ ಟೆನಿಕಾಯ್ಟ್ ಮಾತ್ರ. ಕಬಡ್ಡಿ ಅಂಕಣಕ್ಕೆ ಅವರು ಕಾಲಿಟ್ಟದ್ದೇ ಇಲ್ಲ. ಎರಡು ವಾರದಲ್ಲಿ ಅವರ ದನಿಯೇ ಎಲ್ಲರಿಗಿಂತ ಮೇಲಾಯಿತು. ಗಿರಿಜಾಳ ಉಸಿರು ಮಂಜುನಾಥನದಕ್ಕಿಂತ ಉದ್ದ. ದಿನಾ ಎಂಟು ಮೈಲಿ ನಡೆಯುವವಳು.

ಸಾಗರಕ್ಕೆ ಹೊರಟ ದಿನ ಬೆಳಗಿನಿಂದಲೇ ಮಳೆ. ಟೀವಿಯನ್ನು ಕಂಬಳಿಯಲ್ಲಿ ಸುತ್ತಿ ಮಂಜುನಾಥ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡ. ಕೀಬೋರ್ಡು ನನ್ನ ಮಡಿಲಲ್ಲಿ. ಟೇಪ್ ರೆಕಾರ್ಡರ್ ಮೇಷ್ಟ್ರ ಕೈಯಲ್ಲಿ. ಗಿರಿಜಾ ನೋಟುಬುಕ್ಕನ್ನು ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅಮ್ಮನ ಸೀರೆ, ಅಂದಿಗೆಂದೇ ಉಟ್ಟು ಬಂದಿದ್ದಳು.

ಅಲ್ಲಿ ಬೇರೆ ಕಾಲೇಜಿನವರು ಆಗಲೇ ಬಂದು ಕೂತಿದ್ದರು. ಒಬ್ಬರು ಸಂಬಳದ ಚೀಟಿ ತಯಾರಿಸುವ ಪ್ರೋಗ್ರಾಮು ತಂದಿದ್ದರು, ಇನ್ನೊಬ್ಬರು ಮಳೆಯ ಸರಾಸರಿ ತೆಗೆಯುವುದು. ಅಚ್ಚುಕಟ್ಟಾಗಿದ್ದವು. ನಮ್ಮದೇನು ಎಂದು ಕೇಳಿದವರಿಗೆ ಕಬಡ್ಡಿ ಎಂದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನಮ್ಮ ಸರದಿ ಮಧ್ಯಾಹ್ನ ಎರಡೂವರೆಗೆ ಎಂದಾಯಿತು. ಹನ್ನೊಂದಕ್ಕೆ ಟೇಪಿನಿಂದ ಪ್ರೋಗ್ರಾಮನ್ನು ಯಂತ್ರಕ್ಕೆ ತುಂಬಿಸಿಟ್ಟೆವು. ಹನ್ನೊಂದೂವರೆಗೆ ಕರೆಂಟು ಹೋಯಿತು.

ಅದು ಬಂದಾಗ ಒಂದೂಕಾಲು. ಯಂತ್ರದೊಳಗಿನದೆಲ್ಲ ಅಳಿಸಿಹೋಗಿತ್ತು. ಮತ್ತೆ ಟೇಪು ಹಾಕಿದರೆ ಒಳಗಿನಿಂದ ಕರಕರ ಸದ್ದು. ತೆಗೆದು ನೋಡಿದರೆ ರೀಲು ಸುಕ್ಕುಗಟ್ಟಿ ಹೊರಗೆ ಬಂದಿತ್ತು. ಎರಡನೆಯ ಪ್ರತಿ ಮಾಡಿಟ್ಟಿರಲಿಲ್ಲ. ಆ ತಪ್ಪು ನನ್ನದೇ. ಅಲ್ಲಿಯೇ ಬೆಂಚಿನ ಮೇಲೆ ಕೂತುಬಿಟ್ಟೆ.

ಗಿರಿಜಾ ನೋಟುಬುಕ್ಕು ತೆಗೆದು ಮಂಜುನಾಥನ ಕೈಗಿಟ್ಟಳು. "ನೀನು ಓದು. ನಾನು ಹೊಡಿತೀನಿ" ಎಂದಳು.

ಇನ್ನೂರಕ್ಕೂ ಹೆಚ್ಚು ಸಾಲು. ಮಂಜುನಾಥ ಒಂದೊಂದು ಅಂಕಿ, ಒಂದೊಂದು ಅಲ್ಪವಿರಾಮ ಬಿಡದೆ ಓದಿದ. ಅವಳ ಬೆರಳು ನಿಲ್ಲಲಿಲ್ಲ. ಎರಡು ಗಂಟೆಗೆ ನಾನು ಲೆಕ್ಕ ಹಾಕಿದೆ. ಅರ್ಧಕ್ಕಿಂತ ತುಸು ಹೆಚ್ಚಾಗಿತ್ತು, ಅಷ್ಟೆ. ಎಲ್ಲ ಹೊಡೆದು ಮುಗಿಸಲು ಸಮಯ ಸಾಲದು.

"ಎಂತೆಂತ ಬಿಡ್ಲಿ ಮೇಡಂ?" ಎಂದಳು, ತಲೆಯೆತ್ತದೆ.

ನಾನು ಮೇಷ್ಟ್ರ ಕಡೆ ನೋಡಿದೆ. ಒಂದೊಂದು ಅರ್ಧ ಹೆಜ್ಜೆಗೂ ನನ್ನೊಡನೆ ಜಗಳ ಕಾದವರು ಅವರು. ಅವರ ಕಬಡ್ಡಿಯಿಂದ ಏನನ್ನು ಕಿತ್ತು ಹಾಕಬೇಕೆಂದು ನಾನು ಹೇಳುವ ಹಾಗಿರಲಿಲ್ಲ. ಮೇಷ್ಟ್ರು ಗಿರಿಜಾಳ ಹಿಂದೆ ಬಂದು ನಿಂತರು.

"ಲಾಬಿ ಬಿಡು" ಎಂದರು. ಆಮೇಲೆ, "ಲೋನಾನೂ ಬಿಡು. ಅಡ್ಡಗೆರೆ ಬೇಡ. ಸರಪಳಿನೂ ಹೋಗ್ಲಿ. ಒಬ್ಬೊಬ್ರೇ ಹಾರ್ಲಿ. ಆ ಮಿಣುಕು ಮಾತ್ರ ಬಿಡ್ಬೇಡ ಮಗಾ."

ಎರಡು ಇಪ್ಪತ್ತೈದಕ್ಕೆ ಕೊನೆಯ ಸಾಲು ಮುಗಿಯಿತು. ಓಡಿಸಿದಾಗ ಒಂದು ತಪ್ಪು ತೋರಿಸಿತು. ಗಿರಿಜಾ ಆ ಸಾಲನ್ನು ಒಂದೇ ನೋಟದಲ್ಲಿ ಸರಿಮಾಡಿದಳು. ಏಳು ಚೌಕಗಳು ಪರದೆಯ ಮೇಲೆ ಎದ್ದು ನಿಂತವು.

ಅಧಿಕಾರಿ ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಆಟನಾ? ಪಾಠ ಎಲ್ಲಿದೆ?"

ನಾನು ಬಾಯಿ ತೆರೆಯುವ ಮುಂಚೆ ಗಿರಿಜಾ ಹೇಳಿದಳು: "ಚೌಕಕ್ಕೂ ನಮಗೂ ಎಷ್ಟು ದೂರ ಅಂತ ತ್ರಿಕೋನದ ಲೆಕ್ಕ ಮಾಡ್ತದೆ ಸರ್. ದೂರ ಕಮ್ಮಿ ಆದ್ರೆ ಹಾರ್ತದೆ. ನೀವು ಆಡಿದ್ರೆ ಗೊತ್ತಾಗ್ತದೆ." ಆಮೇಲೆ, "ಬಾಯಲ್ಲಿ ಕಬಡ್ಡಿ ಅನ್ಬೇಕು ಸರ್. ಇಲ್ದಿದ್ರೆ ಔಟು" ಎಂದಳು.

ಅಧಿಕಾರಿ ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಗುಂಡಿ ಒತ್ತಿದರು. ಸಿಕ್ಕಿಬಿದ್ದರು. ಎರಡನೆಯ ಸಲ ದನಿ ಏರಿತು. ಮತ್ತೆ ಸಿಕ್ಕಿಬಿದ್ದರು. ಮೂರನೆಯ ಸಲ ಅವರ ಕಣ್ಣು ಕಿರಿದಾಯಿತು. ಬಲತುದಿಯ ಚೌಕ ಮಿಣುಕಿತು. ಸರಿದರು. ಅದು ಹಾರಿ ತಪ್ಪಿತು. ಅದನ್ನು ಮುಟ್ಟಿ, ಇನ್ನೊಂದನ್ನೂ ಮುಟ್ಟಿ, ಗೆರೆ ದಾಟಿ ಬರುವಾಗ ಅವರು ಕೂಗುತ್ತಿದ್ದರು. ಸಂಬಳದ ಚೀಟಿಯವರು, ಮಳೆಯ ಸರಾಸರಿಯವರು ಎಲ್ಲರೂ ನಮ್ಮ ಬೆಂಚಿನ ಸುತ್ತ ನೆರೆದು ಚಪ್ಪಾಳೆ ಹೊಡೆದರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದ್ಸಲ ಆಡ್ಬಹುದಾ?" ಎಂದು ಗಿರಿಜಾಳನ್ನು ಕೇಳಿದರು.

ಅವರು ಎದ್ದಾಗ ನಾಲ್ಕು ಗಂಟೆ. ಗಿರಿಜಾಳ ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಹೊಡೆಯದೆ ಬಿಟ್ಟ ಪುಟಗಳ ಬಗ್ಗೆ ಕೇಳಿ ತಿಳಿದುಕೊಂಡರು. ಆಮೇಲೆ ನನಗೆ, "ಈ ಕಂಪ್ಯೂಟರು ನಿಮ್ಮಲ್ಲೇ ಇರ್ಲಿ. ಹಾಗಂತ ಬರೀತೀನಿ" ಎಂದರು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಮೇಷ್ಟ್ರು ನಮಗೆಲ್ಲ ಮಸಾಲೆದೋಸೆ ಕೊಡಿಸಿದರು. ಮಂಜುನಾಥ ಎರಡು ತಿಂದ. ಆ ಮಾರ್ಚಿನಲ್ಲಿ ಅವನು ಗಣಿತದಲ್ಲೂ ಪಾಸಾದ.

ದೀಪಾವಳಿ ರಜೆ ಮುಗಿದು ಮೈದಾನ ಒಣಗಿದ ಮೇಲೆ ಒಂದು ಬುಧವಾರ ಗಿರಿಜಾ ಆರು ಜನ ಹುಡುಗಿಯರನ್ನು ಕಟ್ಟಿಕೊಂಡು ಧರ್ಮಪ್ಪ ಮೇಷ್ಟ್ರ ಮುಂದೆ ಬಂದು ನಿಂತಳು. ನಾನು ಪಕ್ಕದಲ್ಲೇ ಇದ್ದೆ.

"ನಮಗೂ ಅಂಕಣ ಬೇಕು ಸರ್" ಎಂದಳು.

"ಮನೇಲಿ ಬೈಯೋದಿಲ್ವಾ?"

"ಅಮ್ಮನ್ನ ಕೇಳಿ ಬಂದೀನಿ. ಹೋಗಿ ಗೆದ್ದು ಬಾ ಅಂದ್ಲು."

ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋದರು. ಹತ್ತು ನಿಮಿಷದಲ್ಲಿ ಹೊರಬಂದು, ಸುಣ್ಣದ ಬಕೆಟ್ಟು ಎತ್ತಿಕೊಂಡು ಮೈದಾನಕ್ಕೆ ಇಳಿದರು. ಕಾಲೇಜಿಗೆ ಕಾಲೇಜೇ ವರಾಂಡದಲ್ಲಿ ಸಾಲುಗಟ್ಟಿತು. ಎರಡನೆಯ ವರ್ಷದ ಹುಡುಗಿಯರು ಆಚೆ ಬದಿಗೆ ನಿಂತರು. ಗಿರಿಜಾ ಲಂಗವನ್ನು ಎತ್ತಿ ಸೊಂಟಕ್ಕೆ ಬಿಗಿದು, ನೆಲ ಮುಟ್ಟಿ ನಮಸ್ಕರಿಸಿ, ಗೆರೆ ದಾಟಿದಳು. ಅವಳ ದನಿ ಮೈದಾನದ ಆಚೆಯ ರಸ್ತೆಯವರೆಗೂ ಕೇಳುತ್ತಿತ್ತು. ಯಾರೋ ಅವಳ ಕಾಲು ಹಿಡಿದರು, ಅವಳು ಕೊಡವಿ ನೆಗೆದಳು; ಇನ್ನೊಬ್ಬಳು ಸೊಂಟ ಹಿಡಿದಳು, ಗಿರಿಜಾ ಅವಳನ್ನು ಎಳೆದುಕೊಂಡೇ ಬಂದಳು; ಮೂರನೆಯವಳು ಸೇರಿಕೊಂಡಳು. ಗಿರಿಜಾ ಬಿದ್ದಳು. ಬಿದ್ದಲ್ಲಿಂದ ಬಲಗೈ ಚಾಚಿದಳು. ಬೆರಳ ತುದಿ ನಡುಗೆರೆಯ ಸುಣ್ಣದ ಮೇಲಿತ್ತು, ಬಾಯಲ್ಲಿ ಇನ್ನೂ ಕಬಡ್ಡಿ ಇತ್ತು.

ಧರ್ಮಪ್ಪ ಮೇಷ್ಟ್ರು ಸೀಟಿ ಊದಿ, ಹಿಡಿದ ಮೂವರೂ ಔಟೆಂದು ಮೂರು ಬೆರಳು ಎತ್ತಿ ಹಿಡಿದರು.